ಪಾವ್ಕಿಲೋದೊಳಗಿನ ನಗು

ಹೊಳೆಗುಡ್ಡದ ತನುಜಕ್ಕ ನಕ್ಕರೆ ಬ್ಯಾರೇಜಿನ ಮೇಲೆ ಕೂತಿದ್ದ ಬೆಳ್ಳಕ್ಕಿಗಳೆಲ್ಲ ಒಮ್ಮೆಗೇ ಎದ್ದು ಆಕಾಶ ಮುಚ್ಚಿಬಿಡುತ್ತಿದ್ದವು. ಎಷ್ಟು ಹಕ್ಕಿ ಎಂದು ಕೇಳಿದರೆ ನಾಲ್ಕು ಸಾವಿರ ಎನ್ನುತ್ತೇನೆ. ಕೇಳಿದವರು ಹುಬ್ಬು ಹಾರಿಸಿದರೆ ಆರು ಸಾವಿರ ಎನ್ನುತ್ತೇನೆ. ನಾನು ಸುಹಾಸ ಹೂಗಾರ. ಕೃಷ್ಣೆಯ ದಂಡೆಯ ಈ ಊರಿನ ಬಸ್‌ಸ್ಟ್ಯಾಂಡ್ ಎದುರು ಲ್ಯಾಪ್‌ಟಾಪ್ ಮಾರುವ, ಬಿಚ್ಚುವ, ಬದುಕಿಸುವ ಅಂಗಡಿ ನನ್ನದು. ಬೆಳಗಾವಿಯಿಂದ ರಾಯಚೂರಿನ ತನಕ ಹುಡುಕಿದರೂ ನನ್ನಂಥ ಕೈ ಇನ್ನೊಂದು ಸಿಗದು. ಸತ್ತ ಲ್ಯಾಪ್‌ಟಾಪಿನ ಎದುರು ನಿಂತು ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ಅರ್ಧಕ್ಕರ್ಧ ಯಂತ್ರಗಳು ಹೆದರಿ ತಾವಾಗಿಯೇ ಶುರುವಾಗುತ್ತವೆ. ಉಳಿದವಕ್ಕೆ ಸ್ಕ್ರೂಡ್ರೈವರ್ ತೋರಿಸುತ್ತೇನೆ.

ಆದರೆ ಹೋದ ಆಗಸ್ಟಿನ ಒಂದು ಮಂಗಳವಾರ ಹೆದರಿದವನು ನಾನು. ಅದರ ಕಥೆ ಇದು.

ತನುಜಾ ಬಡಿಗೇರ ನಮ್ಮ ಬ್ಯಾರೇಜಿನ ಕಂಟ್ರೋಲ್ ರೂಮಿನಲ್ಲಿ ಕೂತು ಇಪ್ಪತ್ತೆರಡು ಗೇಟುಗಳನ್ನು ಏಳಿಸಿ ಇಳಿಸುವವರು. ಕೈಯಿಂದಲ್ಲ, ಬಾಯಿಂದ. ಕೆಲವು ವರ್ಷಗಳ ಹಿಂದೆ ಯಾರೋ ಯಂತ್ರದಲ್ಲಿ ಹುಟ್ಟಿಸಿದ ಕಳ್ಳದನಿಯಿಂದ ಫೋನ್ ಮಾಡಿ, ಎಂಜಿನಿಯರರೇ ಹೇಳಿದಂತೆ ಹೇಳಿ, ಇನ್ನೊಂದು ಕಡೆಯ ಬ್ಯಾರೇಜಿನ ಗೇಟು ಎತ್ತಿಸಿ ಮೂರು ಊರಿನ ಹೊಲ ಕೊಚ್ಚಿಸಿದ್ದರು. ಆಮೇಲೆ ಸರ್ಕಾರ ಎರಡು ಕಾಯ್ದೆ ತಂದಿತು. ಮೊದಲನೆಯದು, ಯಾರ ದನಿಯನ್ನೂ ಎಲ್ಲಿಯೂ ರೆಕಾರ್ಡ್ ಮಾಡಿ ಇಡಬಾರದು, ಇದ್ದದ್ದನ್ನು ವರ್ಷದೊಳಗೆ ಅಳಿಸಬೇಕು. ಎರಡನೆಯದು, ಗೇಟುಗಳನ್ನು ನೆಟ್‌ವರ್ಕಿಗೆ ಜೋಡಿಸಬಾರದು. ಒಂದೊಂದು ಗೇಟಿಗೂ ಒಬ್ಬ ಆಳು ತನ್ನ ಗೂಡಿನಲ್ಲಿ ಕೂತಿರಬೇಕು, ತಂತಿ ಫೋನಿನಲ್ಲಿ ತಾನು ಗುರುತಿಸುವ ಮನುಷ್ಯರ ದನಿ ಕೇಳಿದರೆ ಮಾತ್ರ ಸ್ವಿಚ್ ಒತ್ತಬೇಕು.

ಕಾಯ್ದೆಯಲ್ಲಿ ಇಲ್ಲದ ಒಂದನ್ನು ನಮ್ಮ ಗೇಟಿನವರು ತಾವೇ ಸೇರಿಸಿಕೊಂಡರು. ಬೆಳಿಗ್ಗೆ ಏಳಕ್ಕೆ ಹಾಜರಿ ಕೂಗುವಾಗ ತನುಜಕ್ಕ ತಮ್ಮ ಮಧ್ಯಾಹ್ನದ ಡಬ್ಬಿಗೆ ಅವತ್ತು ಯಾವ ಪಲ್ಯ ಎಂದು ಹೇಳುತ್ತಿದ್ದರು. ಇಡೀ ದಿನ ಗೇಟು ಎತ್ತು ಎಂದರೂ ಇಳಿಸು ಎಂದರೂ ಆ ಕಡೆಯವರು ಮೊದಲು ಕೇಳುವುದು ಅದನ್ನೇ. ಯಾರೂ ಎಲ್ಲಿಯೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ದಿಲ್ಲಿಯ ಬ್ಯಾಂಕುಗಳಿಗೂ ಇಂಥ ಬೀಗವಿಲ್ಲ ಎಂದು ನಾನು ಎಷ್ಟೋ ಕಡೆ ಭಾಷಣ ಬಿಗಿದಿದ್ದೇನೆ.

ಹಾಗಿರುವಾಗ ತನುಜಕ್ಕನ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಷನ್ ಆಗಿ ಜೀವ ಉಳಿಯಿತು, ದನಿಪೆಟ್ಟಿಗೆ ಉಳಿಯಲಿಲ್ಲ.

ಅವರಿಗೆ ಲ್ಯಾಪ್‌ಟಾಪ್ ಆರಿಸಿಕೊಡಲು ಅವರ ಗಂಡ ವಿನಾಯಕ ಮಾಸ್ತರು ನನ್ನನ್ನು ಮನೆಗೆ ಕರೆದರು. ಅಡುಗೆಮನೆಯ ಕಟ್ಟೆಯ ಮೇಲೆ ನಾನು ಮೂರು ಯಂತ್ರ ಹರವಿದೆ. ಮೂರೂ ಅಂಗೈಗಿಂತ ತುಸು ದೊಡ್ಡವು, ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಹೋಗಬಹುದಾದವು. ಕೊರಳಿಗೆ ಕಟ್ಟುವ ಪಟ್ಟಿಯೊಂದು ಗಂಟಲಿನ ಸ್ನಾಯುಗಳ ಅಲುಗಾಟವನ್ನು ಹಿಡಿದು ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಲ್ಯಾಪ್‌ಟಾಪು ಅದನ್ನು ಆ ಮನುಷ್ಯರದೇ ದನಿಯಾಗಿ ಆಡುತ್ತದೆ. ಆಸ್ಪತ್ರೆಯವರು ಹೇಳಿ ಕಳಿಸಿದ್ದು ಮೊದಲನೆಯದನ್ನು. ಹಪ್ಪಳದಷ್ಟು ತೆಳು, ಕನ್ನಡಿಯಂಥ ಮೈ. ನಾನು ಅದನ್ನು ಮಗುಚಿ ತೋರಿಸಿದೆ. ತಳದಲ್ಲಿ ಒಂದೂ ಸ್ಕ್ರೂ ಇಲ್ಲ, ಎಲ್ಲಾ ಅಂಟು. ಅಂಟು ಹಾಕಿದ ಯಂತ್ರ ಕೊಂಡವರು ಬ್ಯಾಟರಿ ಸತ್ತ ದಿನ ಯಂತ್ರಕ್ಕೂ ಮಣ್ಣು ಕೊಡಬೇಕಾಗುತ್ತದೆ ಎಂದೆ. ಎರಡನೆಯದು ಗಟ್ಟಿ, ಆದರೆ ದನಿ ಕಲಿಯುವ ಹರಳಿಗೆ ಒಂದೇ ಗುಳಿ. ಮೂರನೆಯದು ಪಾವ್ ಕಿಲೋ, ಎಂದರೆ ಕಾಲು ಕಿಲೋ ತೂಗುವ, ಊರವರೆಲ್ಲ ಪಾವ್ಕಿಲೋ ಎಂದೇ ಕರೆಯುವ ಯಂತ್ರ. ನೋಡಲು ಲಕ್ಷಣವಿಲ್ಲ. ತಳದಲ್ಲಿ ಎಂಟು ಸ್ಕ್ರೂ, ಒಳಗೆ ಎರಡು ಗುಳಿ. ಅದನ್ನೇ ತೊಗೊಳ್ಳಿ ಎಂದೆ.

ಬೇರೆ ಗಿರಾಕಿಗಳು ಬ್ಯಾಟರಿ ಎಷ್ಟು ತಾಸು ಬರುತ್ತದೆ ಎಂದು ಕೇಳುತ್ತಾರೆ, ಪರದೆ ಬಿಸಿಲಿನಲ್ಲಿ ಕಾಣುತ್ತದೆಯೇ ಎಂದು ಕೇಳುತ್ತಾರೆ. ತನುಜಕ್ಕ ಪಾಟಿಯ ಮೇಲೆ ಬಳಪದಿಂದ ಒಂದೇ ಸಾಲು ಬರೆದು ನನ್ನೆದುರು ಹಿಡಿದರು.

‘ನಗಾಕ ಬರತದೇನು?’

ಮಾಸ್ತರು ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಎದೆ ತಟ್ಟಿಕೊಂಡು, ಇದು ನಕ್ಕರೆ ನೀವು ಈ ಮೊದಲು ನಕ್ಕದ್ದೆಲ್ಲ ಸಪ್ಪೆ ಅನ್ನಿಸುತ್ತದೆ ಎಂದುಬಿಟ್ಟೆ.

ಹರಳು ಎಂದರೇನು ಎಂದು ಇಲ್ಲಿ ಹೇಳಿಬಿಡಬೇಕು. ಉಗುರಿನಗಲದ ಬಟ್ಟಲಲ್ಲಿ ಅರೆಗಟ್ಟಿಯಾದ ಒಂದು ಲವಣ, ಗಡ್ಡೆ ಮೊಸರಿನ ಹಾಗೆ. ಕರೆಂಟು ಹರಿಯುತ್ತಿರುವಷ್ಟು ಕಾಲ ಅದು ಕಲಿಯುತ್ತ ಹೋಗುತ್ತದೆ, ಕಲಿತದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಳೆಯ ಚಿಪ್‌ಗಳಿಗೆ ಒಂದು ಕೋಣೆ ತುಂಬ ಯಂತ್ರ ಬೇಕಾಗುತ್ತಿದ್ದ ಕೆಲಸವನ್ನು ಇದು ಗಡಿಯಾರದ ಸೆಲ್ಲಿನಷ್ಟು ಕರೆಂಟಿನಲ್ಲಿ ಮುಗಿಸುತ್ತದೆ. ದೋಷ ಒಂದೇ. ಒಂಬತ್ತು ಸೆಕೆಂಡು ಕರೆಂಟು ತಪ್ಪಿದರೆ ಹರಳು ನೀರಾಗುತ್ತದೆ. ಕಲಿತದ್ದೆಲ್ಲ ಹೋಯಿತು. ಎಪ್ಪತ್ತು ಡಿಗ್ರಿ ಬಿಸಿಯಾದರೂ ಅಷ್ಟೇ, ಒಡೆದ ಹಾಲು. ನಕಲು ತೆಗೆಯೋಣವೆಂದರೆ ಓದಲು ಹೋದ ಕೂಡಲೇ ಕದಡುತ್ತದೆ. ಇರುವ ದಾರಿ ಹೆಪ್ಪು ಹಾಕುವುದು. ಪಕ್ಕದ ಗುಳಿಯಲ್ಲಿ ಹೊಸ ಹರಳು ಕೂಡಿಸಿ, ಯಂತ್ರವನ್ನು ಎಂದಿನಂತೆ ಬಳಸುತ್ತ ಹೋದರೆ ಹಳೆಯದು ಮಾಡಿದ್ದನ್ನು ನೋಡಿ ಹೊಸದು ಕಲಿಯುತ್ತದೆ. ಐದಾರು ತಾಸು ಬೇಕು. ಆ ಹೊತ್ತಿನಲ್ಲಿ ಬಳಸದೇ ಬಿಟ್ಟದ್ದು ಹೊಸದಕ್ಕೆ ಬರುವುದಿಲ್ಲ.

ಕಂಟ್ರೋಲ್ ರೂಮಿನಲ್ಲಿ ತನುಜಕ್ಕ ವರ್ಷಗಟ್ಟಲೆ ಮಾತಾಡಿದ ಟೇಪುಗಳು ಕಾಯ್ದೆಯ ಗಡುವಿಗೆ ಹದಿನೆಂಟು ದಿನ ಇರುವಾಗ ನಮಗೆ ಸಿಕ್ಕವು. ಅದರಲ್ಲಿ ಅವರು ಗೇಟಿನವರನ್ನು ಕತ್ತೆ, ಕೋಣ ಎಂದು ಬೈದದ್ದಿತ್ತು, ಕೆಮ್ಮಿದ್ದಿತ್ತು, ಬಿದ್ದುಬಿದ್ದು ನಕ್ಕದ್ದಿತ್ತು. ಎಲ್ಲವನ್ನೂ ಹರಳಿಗೆ ಕುಡಿಸಿದೆ. ಹತ್ತೊಂಬತ್ತನೆಯ ದಿನ ಟೇಪುಗಳನ್ನು ಸುಟ್ಟರು. ಅಂದಿನಿಂದ ತನುಜಕ್ಕನ ದನಿ ಭೂಮಿಯ ಮೇಲೆ ಇದ್ದದ್ದು ಆ ಉಗುರಿನಗಲದ ಬಟ್ಟಲಲ್ಲಿ ಮಾತ್ರ.

ಮೊದಲ ಸಲ ಅದು ಬಾಯಿ ಬಿಟ್ಟದ್ದು ಅದೇ ಅಡುಗೆಮನೆಯಲ್ಲಿ. ಮಾಸ್ತರು ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದ್ದರು, ಗಡಿಬಿಡಿಯಲ್ಲಿ. ತನುಜಕ್ಕ ಒಂದು ಗುಟುಕು ಕುಡಿದರು, ಕೊರಳಪಟ್ಟಿ ಅಲುಗಿತು, ಪಾವ್ಕಿಲೋ ನಕ್ಕಿತು. ಮಾಸ್ತರು ಬಟ್ಟಲು ಕೆಳಗಿಟ್ಟು ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ. ಗೇಟಿನವರು ಹದಿನೈದು ದಿನ ಪರೀಕ್ಷೆ ಮಾಡಿ ಒಪ್ಪಿಕೊಂಡರು. ಇಪ್ಪತ್ತೆರಡು ಜನರಲ್ಲಿ ಕೊನೆಗೆ ಒಪ್ಪಿದವನು ಒಂಬತ್ತನೇ ಗೇಟಿನ ಯಮನಪ್ಪ. ಅವನು ತನ್ನ ಮದುವೆಗೆ ಒಪ್ಪಿಕೊಳ್ಳಲೂ ಮೂರು ವರ್ಷ ತೆಗೆದುಕೊಂಡ ಮನುಷ್ಯ.

ಅಲ್ಲಿಂದ ಎರಡು ದಸರಾ ದಾಟಿದವು. ಖಂಡೇಪೂಜೆಯ ದಿನ ಊರಿನ ಲ್ಯಾಪ್‌ಟಾಪುಗಳೆಲ್ಲ ನನ್ನ ಅಂಗಡಿಯಲ್ಲಿ ಸಾಲಾಗಿ ಕೂತು ಪೂಜೆ ಮಾಡಿಸಿಕೊಳ್ಳುತ್ತವೆ. ನಮ್ಮದು ಗುಡಿಗಳಿಗೆ ಹೂಪತ್ರಿ ಕೊಡುತ್ತ ಬಂದ ಮನೆತನ, ಪೂಜೆಯಲ್ಲಿ ಕೈ ಬಿಗಿಹಿಡಿದರೆ ಅಜ್ಜ ಕನಸಿನಲ್ಲಿ ಬಂದು ಉಗಿಯುತ್ತಾನೆ. ಐವತ್ತು ಯಂತ್ರಕ್ಕೆ ಮೂರು ಬುಟ್ಟಿ ಸೇವಂತಿಗೆ, ಎರಡು ಸೇರು ಕುಂಕುಮ. ಇದನ್ನು ನೆನಪಿಟ್ಟುಕೊಳ್ಳಿ.

ಆ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಬ್ಯಾರೇಜಿನ ಎಂಜಿನಿಯರ್ ಜಾಗೀರದಾರ ಸಾಹೇಬರ ಜೀಪು ನನ್ನ ಅಂಗಡಿಯ ಮೆಟ್ಟಿಲಿಗೆ ತಾಗಿ ನಿಂತಿತು. ಮೇಲಿನ ಅಣೆಕಟ್ಟೆಯಿಂದ ಎರಡೂವರೆ ಲಕ್ಷ ಕ್ಯೂಸೆಕ್ ನೀರು ಬಿಟ್ಟಿದ್ದಾರೆ, ನಾಲ್ಕು ಗಂಟೆಗೆ ನಮ್ಮಲ್ಲಿಗೆ ಮುಟ್ಟುತ್ತದೆ, ಅಷ್ಟರೊಳಗೆ ಎಲ್ಲಾ ಗೇಟು ಎತ್ತಿರಬೇಕು ಎಂದರು. ತನುಜಕ್ಕನ ಪಾವ್ಕಿಲೋ ಕಾದ ಹೆಂಚಿನಂತಾಗಿದೆ, ಮುಚ್ಚಳ ಮುಚ್ಚುತ್ತಿಲ್ಲ ಎಂದೂ ಅಂದರು.

ಮುಚ್ಚಳ ಮುಚ್ಚುತ್ತಿಲ್ಲ ಎಂದರೆ ಒಳಗೆ ಬ್ಯಾಟರಿ ಉಬ್ಬಿದೆ ಎಂದರ್ಥ. ಉಬ್ಬಿದ ಬ್ಯಾಟರಿ ಹೊತ್ತಿಕೊಳ್ಳಲು ಮುಹೂರ್ತ ನೋಡುವುದಿಲ್ಲ. ಹೊಸ ಬ್ಯಾಟರಿ, ಹೊಸ ಹರಳು, ಸ್ಕ್ರೂಡ್ರೈವರುಗಳ ಸುರುಳಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಜೀಪಿಗೆ ಹಾರಿದೆ. ದಾರಿಯುದ್ದಕ್ಕೂ ಸಾಹೇಬರಿಗೆ, ಇಂಥವು ನನಗೆ ದಿನಕ್ಕೆ ಹತ್ತು ಬರುತ್ತವೆ ಎಂದು ಹೇಳುತ್ತ ಹೋದೆ. ಕರೆಂಟು ತಪ್ಪಿಸದೆ ಉಬ್ಬಿದ ಬ್ಯಾಟರಿ ಬದಲಿಸುವ ಕೆಲಸ ನನಗೆ ಅದುವರೆಗೆ ಒಂದೂ ಬಂದಿರಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ತನುಜಕ್ಕ ಲ್ಯಾಪ್‌ಟಾಪಿನ ಕೆಳಗೆ ಎರಡು ಉಕ್ಕಿನ ತಟ್ಟೆ ಇಟ್ಟು, ರಟ್ಟಿನಿಂದ ಗಾಳಿ ಬೀಸುತ್ತ ಕೂತಿದ್ದರು. ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ನಾನು ಯಂತ್ರದ ತಳ ಮುಟ್ಟಿ ನೋಡಿದೆ. ಮೀಟರು ಐವತ್ತೆಂಟು ಡಿಗ್ರಿ ತೋರಿಸಿತು.

“ಬಂದ್ ಮಾಡಿ ತಣ್ಣಗಾಗಾಕ ಬಿಟ್ರ ಹ್ಯಾಂಗ?” ಎಂದರು ಸಾಹೇಬರು.

“ಬಂದ್ ಮಾಡಿದ್ರ ನಾ ಬಂದ್ ಆದಂಗ ರೀ,” ಎಂದಿತು ಪಾವ್ಕಿಲೋ, ತನುಜಕ್ಕನ ದನಿಯಲ್ಲಿ. ಆ ದನಿಯಲ್ಲಿ ಆಗಲೇ ಒಂದು ಬಿರುಕು ಕೇಳುತ್ತಿತ್ತು, ಹಳೆಯ ಹಂಡೆಗೆ ಕಲ್ಲು ತಾಗಿದ ಹಾಗೆ.

ಪಾವ್ಕಿಲೋದಂಥ ಸಣ್ಣ ಯಂತ್ರಗಳಲ್ಲಿ ಗೋಡೆಯ ಕರೆಂಟು ಕೂಡ ಬ್ಯಾಟರಿಯ ಮೂಲಕವೇ ಒಳಗೆ ಹೋಗಬೇಕು. ಬ್ಯಾಟರಿ ಬಿಚ್ಚಿದರೆ ಎರಡೂ ಹೋದವು. ಅದಕ್ಕೇ ತಯಾರಿಸಿದವರು ತಳದಲ್ಲಿ ಎರಡು ತಾಮ್ರದ ಚುಕ್ಕೆ ಇಟ್ಟಿರುತ್ತಾರೆ. ಹೊರಗಿನಿಂದ ತಂತಿ ತಂದು ಆ ಚುಕ್ಕೆಗಳಿಗೆ ಕಚ್ಚಿಸಿ, ನೆಮ್ಮದಿಯಿಂದ ಬ್ಯಾಟರಿ ಬದಲಿಸಬಹುದು. ಚಹಾ ಕುಡಿಯುತ್ತ ಮಾಡುವ ಕೆಲಸ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಎಂಟು ಸ್ಕ್ರೂ ಬಿಚ್ಚಿ ತಳ ತೆಗೆದೆ.

ಒಳಗೆ ಕೆಂಪು.

ಗಾಳಿ ಆಡಬೇಕಾದ ಜಾಲರಿಯ ತುಂಬ, ಪುಟ್ಟ ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ, ಹರಳಿನ ಗುಳಿಯ ಅಂಚಿನಲ್ಲಿ, ಎಲ್ಲಿ ನೋಡಿದರೂ ಮಳೆಗಾಲದ ತಂಪಿಗೆ ಒದ್ದೆಯಾಗಿ ಮೆತ್ತಿಕೊಂಡ ಕೆಂಪು ಕೆಸರು. ತಾಮ್ರದ ಎರಡು ಚುಕ್ಕೆಗಳು ಕೊರೆದುಹೋಗಿ ಹಸಿರುಗಟ್ಟಿದ್ದವು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕುಂಕುಮವಾಗುತ್ತದೆ. ಆ ಸುಣ್ಣದ ಕ್ಷಾರ ತೇವ ಸಿಕ್ಕರೆ ತಾಮ್ರ ತಿನ್ನುತ್ತದೆ. ಪಾವ್ಕಿಲೋದ ಮುಚ್ಚಳ ತೆರೆದರೆ ಕೀಲಿಗಳ ಮೇಲುಗಡೆ ಹಣೆಯಂಥ ಒಂದು ಪಟ್ಟಿ ಇದೆ. ಕುಂಕುಮ ಹಚ್ಚಲು ಅದಕ್ಕಿಂತ ಪ್ರಶಸ್ತ ಜಾಗವಿಲ್ಲ. ಗಾಳಿಕಂಡಿ ಇರುವುದೂ ಅಲ್ಲಿಯೇ. ಎರಡು ವರ್ಷ ಆ ಹಣೆಗೆ ಮುಷ್ಟಿ ತುಂಬ ಕುಂಕುಮ ಮೆತ್ತಿದವನು ನಾನು.

“ಏನದು ಕೆಂಪಗ?” ಎಂದರು ತನುಜಕ್ಕ.

“ಇಟ್ಟಂಗಿ ಭಟ್ಟಿ ಧೂಳ ರೀ ಅಕ್ಕಾರ,” ಎಂದೆ. “ಈ ಊರ ಗಾಳಿನ ಹೊಲಸು.”

ಬಾಯಿಗೆ ಬಂದ ಸುಳ್ಳುಗಳಲ್ಲಿ ಅದು ಅತ್ಯಂತ ಸಣ್ಣದು, ಹೇಳಿ ಕುಂಚ ಹುಡುಕುವ ನೆಪದಲ್ಲಿ ಚೀಲದೊಳಗೆ ಮುಖ ಹಾಕಿದೆ.

ಚುಕ್ಕೆಗಳು ಹೋದ ಮೇಲೆ ಉಳಿದದ್ದು ಒಂದೇ ದಾರಿ. ಪಕ್ಕದ ಗುಳಿಗೆ ಹೊಸ ಹರಳು ಕೂಡಿಸಿ ಹೆಪ್ಪು ಹಾಕುವುದು. ಹೆಪ್ಪು ಗಟ್ಟಿಯಾದ ಮೇಲೆ ಹಳೆಯ ಹರಳನ್ನೂ ಉಬ್ಬಿದ ಬ್ಯಾಟರಿಯನ್ನೂ ಒಟ್ಟಿಗೆ ಕಿತ್ತು, ಒಂಬತ್ತು ಸೆಕೆಂಡಿನೊಳಗೆ ಹೊಸ ಬ್ಯಾಟರಿ ಜೋಡಿಸುವುದು. ಹಳೆಯದರ ಕಾಲುಗಳನ್ನು ಸುಣ್ಣ ತಿಂದಿತ್ತು, ಅದನ್ನು ಉಳಿಸುವ ಮಾತಿರಲಿಲ್ಲ. ಆದ್ದರಿಂದ ಹೊಸದು ಎಷ್ಟು ಕಲಿಯುತ್ತದೋ ಅಷ್ಟೇ ತನುಜಕ್ಕನ ಪಾಲಿಗೆ ಉಳಿಯುವ ದನಿ. ಇದನ್ನು ಅವರಿಗೆ ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿ ಫೋನ್ ಎತ್ತಿಕೊಂಡರು.

ಅಲ್ಲಿಂದ ಮೂರು ತಾಸು ಆ ಕೋಣೆಯಲ್ಲಿ ಗೇಟುಗಳ ಮಾತು ಬಿಟ್ಟು ಬೇರೆ ಮಾತಿಲ್ಲ. ತನುಜಕ್ಕ ಒಂದೊಂದೇ ಗೇಟನ್ನು ಅರ್ಧ ಅಡಿ, ಒಂದು ಅಡಿ ಎತ್ತಿಸುತ್ತ ಹೋದರು. ಹೀರೇಕಾಯಿ ಪಲ್ಯ ಎಂದು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಎರಡು ಹರಳುಗಳ ನಡುವೆ ಜೋಡಿಸಿದ ನನ್ನ ಮೀಟರಿನ ಪರದೆಯಲ್ಲಿ, ಹೊಸದು ಕಲಿತಷ್ಟೂ ಕಡ್ಡಿಗಳು ಏರುತ್ತಿದ್ದವು: ಮಾತು, ಅಂಕಿ, ಹೆಸರು, ಬೈಗುಳ. ಬೈಗುಳದ ಕಡ್ಡಿ ಎಲ್ಲಕ್ಕಿಂತ ಬೇಗ ತುಂಬಿತು. ನಾನು ಕೈಕುಂಚದಿಂದ ಕೆಂಪು ಕೆರೆಯುತ್ತ, ಒದ್ದೆ ಅರಿವೆಯಿಂದ ಚೌಕಟ್ಟನ್ನು ತಣಿಸುತ್ತ ಕೂತೆ. ಅರವತ್ತೊಂದು ಡಿಗ್ರಿ. ಅರವತ್ಮೂರು. ಕಿಟಕಿಯಾಚೆ ಹೊಳೆ ಬಣ್ಣ ಬದಲಿಸತೊಡಗಿತ್ತು. ಮೊದಲು ಹಸಿರಿದ್ದದ್ದು ಈಗ ಚಹಾದಂತಾಗಿತ್ತು.

ಒಂದು ಗಂಟೆಗೆ ವಿನಾಯಕ ಮಾಸ್ತರು ಡಬ್ಬಿ ತಂದರು. ದಿನಾ ತರುವಂತೆ ಮೇಜಿನ ಮೇಲಿಟ್ಟು ಹೋಗಲಿಲ್ಲ, ನನ್ನ ಬೆನ್ನ ಹಿಂದೆ ಬಂದು ನಿಂತು ಪರದೆ ನೋಡಿದರು. ಕಡ್ಡಿಗಳ ಹೆಸರನ್ನು ಒಂದೊಂದಾಗಿ ಓದಿದರು. ಅವರು ಜಾಸ್ತಿ ಮಾತಿನ ಮನುಷ್ಯರಲ್ಲ.

“ಸುಹಾಸ,” ಎಂದರು ಮೆಲ್ಲಗೆ. “ಕಡೀದು ಖಾಲಿ ಐತಲ್ಲ.”

ಕಡೆಯ ಕಡ್ಡಿಯ ಹೆಸರು ನಗು. ಅದು ತಳದಿಂದ ಒಂದು ಕೂದಲಿನಷ್ಟೂ ಎದ್ದಿರಲಿಲ್ಲ. ಏಳುವುದಾದರೂ ಹೇಗೆ? ಬೆಳಗಿನಿಂದ ಆ ಕೋಣೆಯಲ್ಲಿ ಯಾರೂ ನಕ್ಕಿರಲಿಲ್ಲ.

ತನುಜಕ್ಕ ಕೇಳಿಸಿಕೊಂಡರು. ಫೋನನ್ನು ಅಂಗೈಯಿಂದ ಮುಚ್ಚಿ, “ಹೋಗಲಿ ಬಿಡ್ರಿ. ಗೇಟಿಗೆ ನಗು ಬೇಕಾಗೂದಿಲ್ಲ,” ಎಂದರು.

ಮಾಸ್ತರು ಮೇಜಿನ ಹತ್ತಿರ ಹೋದರು. ಡಬ್ಬಿಯ ಮುಚ್ಚಳವನ್ನು ತೆಗೆದು, ಮತ್ತೆ ಹಾಕಿದರು. ಅಷ್ಟೇ ಮಾಡಿದರು, ನನಗೆ ಅದು ನೋಡಲಾಗಲಿಲ್ಲ.

ಆ ಹೊತ್ತಿಗೆ ಬ್ಯಾಟರಿ ಒಂದು ಸಣ್ಣ ಸದ್ದು ಮಾಡಿತು, ಹುರಿಗಡಲೆ ಸಿಡಿದಂತೆ. ಮೀಟರು ಅರವತ್ತೇಳು ಎಂದಿತು. ಜಾಗೀರದಾರ ಸಾಹೇಬರು ಮರಳಿನ ಬಕೆಟ್ಟು ತಂದು ನನ್ನ ಕಾಲ ಬಳಿ ಇಟ್ಟು, ಇನ್ನೆಷ್ಟು ಹೊತ್ತು ಎಂದು ಕೇಳಿದರು. ಎಪ್ಪತ್ತಕ್ಕೆ ಎರಡು ಹರಳೂ ಒಡೆಯುತ್ತವೆ, ಹದಿನೈದು ನಿಮಿಷ ಇದ್ದರೆ ಹೆಚ್ಚು ಎಂದೆ. ಸಾಹೇಬರು ಈಗಲೇ ಬದಲಿಸಿಬಿಡು ಎಂದರು. ನಾನು ಹತ್ತು ನಿಮಿಷ ಬೇಡಿದೆ.

ನನ್ನ ಇಡೀ ಆಯುಷ್ಯದ ಬಂಡವಾಳ ಆ ಹತ್ತು ನಿಮಿಷಕ್ಕೆ ಸುರಿದೆ. ಲ್ಯಾಪ್‌ಟಾಪನ್ನು ತೊಟ್ಟಿಲಲ್ಲಿ ಮಲಗಿಸಿ ಜೋಗುಳ ಹಾಡಿದ ದೇಸಾಯರ ಕಥೆ ಹೇಳಿದೆ. ಬೀದಿಯ ಆಕಳು ಚಾರ್ಜರ್ ನುಂಗಿದ್ದು, ಅದರ ಕೋಡಿನ ತುದಿಯಲ್ಲಿ ದೀಪ ಹತ್ತಿದ್ದು, ಆ ಬೆಳಕಿನಲ್ಲಿ ಒಂದು ಮದುವೆ ಆಗಿಹೋದದ್ದು ಹೇಳಿದೆ. ಬೇರೆ ದಿನವಾಗಿದ್ದರೆ ತನುಜಕ್ಕ ಮೇಜು ಬಡಿಯುತ್ತಿದ್ದರು. ಅವತ್ತು ನನ್ನನ್ನು ನೋಡಲೂ ಇಲ್ಲ. ಹದಿನಾಲ್ಕನೇ ಗೇಟಿನವನಿಗೆ ನೀರಿನ ಮಟ್ಟ ಕೇಳುತ್ತಿದ್ದರು. ನಗಿಸಲೆಂದು ಹೇಳಿದ ಸುಳ್ಳುಗಳು ಒಂದರ ಮೇಲೊಂದು ಸತ್ತು ಬಿದ್ದವು. ಕಡ್ಡಿ ಏಳಲಿಲ್ಲ. ಅರವತ್ತೆಂಟು.

ಹಣೆಯ ಬೆವರು ಒರೆಸಿಕೊಂಡು ಕೈ ನೋಡಿದೆ. ಬೆರಳು ಐದೂ ಕೆಂಪಗಿದ್ದವು.

“ಅಕ್ಕಾರ,” ಎಂದೆ. “ಇಟ್ಟಂಗಿ ಭಟ್ಟಿ ಧೂಳಲ್ಲ ಇದು.”

ಅವರು ಫೋನು ಇಟ್ಟರು.

“ಕುಂಕುಮ. ನಾನ ಹಚ್ಚಿದ್ದು. ಎರಡೂ ದಸರಾಕ್ಕ. ಉಳದವ್ರ ಯಂತ್ರಕ್ಕ ಚಿಟಿಕಿ ಹಚ್ಚೇನ್ರಿ, ನಿಮ್ಮದಕ್ಕ ಮುಷ್ಟಿ. ನನ್ನ ಅಂಗಡ್ಯಾಗ ಎದ್ದು ಕಾಣಲಿ, ಹೂಗಾರ ದನಿ ಕೊಟ್ಟ ಯಂತ್ರ ಇದು ಅಂತ ನಾಕು ಮಂದಿ ಅನ್ನಲಿ ಅಂತ. ಹಣಿ ಅಂತ ಹಚ್ಚಿದ್ದು ಮೂಗಿಗೆ ಹೋಗಿ ಉಸುರು ಕಟ್ಟೇದ. ನಿಮ್ಮ ಯಂತ್ರಕ್ಕ ಏನೂ ಆಗಿದ್ದಿಲ್ಲ. ಕೆಡಿಸಿದವ ನಾ.”

ತನುಜಕ್ಕ ನನ್ನ ಮುಖ ನೋಡಿದರು, ಕೆಂಪು ಬೆರಳು ನೋಡಿದರು. ನಾನು ಬೆವರು ಒರೆಸಿಕೊಂಡಿದ್ದೆನಲ್ಲ, ಹಣೆಯ ಮೇಲೆ ಅಡ್ಡಕ್ಕೆ ಐದು ಕೆಂಪು ಗೆರೆ ಮೂಡಿದ್ದವಂತೆ. ಕಣ್ಣಲ್ಲಿ ನೀರು, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಸ್ಕ್ರೂಡ್ರೈವರು. ಬಲಿಗೆ ತಂದು ನಿಲ್ಲಿಸಿದ ಟಗರಿನಂತೆ ಇದ್ದೆ ಎಂದು ಆಮೇಲೆ ಮಾಸ್ತರು ಹೇಳಿದರು.

ತನುಜಕ್ಕನ ಕೊರಳಪಟ್ಟಿ ಒಮ್ಮೆ ನಡುಗಿತು. ಬೈಗುಳ ಬರುತ್ತದೆ ಎಂದು ನಾನು ಕಣ್ಣು ಮುಚ್ಚಿದೆ.

ನಕ್ಕರು. ಮೊದಲು ಮೂಗಿನಿಂದ ಬಂದಂತೆ ಒಂದು ಸಣ್ಣ ಸದ್ದು, ಆಮೇಲೆ ತಡೆಯಲಾಗದೆ, ಮೇಜಿಗೆ ಹಣೆ ಹಚ್ಚಿ, ಹೆಗಲು ಕುಣಿಸುತ್ತ. ಬಿರುಕುಬಿಟ್ಟ ಹಳೆಯ ಹರಳು ಇದ್ದ ಶಕ್ತಿಯನ್ನೆಲ್ಲ ಹಾಕಿ ನಕ್ಕಿತು. “ನೀ ಒಬ್ಬವ… ನೀ ಒಬ್ಬವ…” ಎನ್ನಲು ಹೋಗಿ ಮುಗಿಸಲಾಗದೆ ಮತ್ತೆ ನಕ್ಕರು. ಮಾಸ್ತರು ಒಬ್ಬರೇ ಪರದೆಯನ್ನು ನೋಡುತ್ತಿದ್ದರು.

“ಏಳಾಕತ್ತೇತಿ,” ಎಂದರು ಅವರು. “ಸುಹಾಸ, ಏಳಾಕತ್ತೇತಿ.”

ಅರ್ಧಕ್ಕೆ ಬಂತು. ಮುಕ್ಕಾಲಿನ ಹತ್ತಿರ ಹೋಗುವಾಗ ಬ್ಯಾಟರಿ ಎರಡನೆಯ ಸಲ ಸಿಡಿಯಿತು, ತೆಳ್ಳನೆಯ ಹೊಗೆ ಎದ್ದಿತು. ಅರವತ್ತೊಂಬತ್ತೂವರೆ. ಇನ್ನು ಕಾಯುವಂತಿರಲಿಲ್ಲ.

ಹಳೆಯ ಹರಳನ್ನು ಇಕ್ಕಳದಿಂದ ಕಿತ್ತೆ. ಬ್ಯಾಟರಿಯ ತಂತಿ ಎಳೆದೆ. ಸಾಹೇಬರು ಗೋಡೆಯ ಗಡಿಯಾರ ನೋಡಿ ಎಣಿಸತೊಡಗಿದರು. ಒಂದು. ಉಬ್ಬಿದ ಬ್ಯಾಟರಿ ಚೌಕಟ್ಟಿಗೆ ಕಚ್ಚಿಕೊಂಡು ಬರಲೊಲ್ಲದು. ಎರಡು. ಮೂರು. ಉಗುರು ಹಾಕಿ ಮೀಟಿದೆ, ಅಂಗೈ ಸುಟ್ಟಿತು, ಮರಳಿನ ಬಕೆಟ್ಟಿಗೆ ಎಸೆದೆ. ನಾಲ್ಕು. ಹೊಸದನ್ನು ಇಟ್ಟೆ. ಐದು. ತಂತಿಯ ತುದಿ ಗುಳಿಯಲ್ಲಿ ಕೂಡಲಿಲ್ಲ, ಅಲ್ಲಿಯೂ ಒಂದು ಕೆಂಪು ಗಂಟು. ಆರು. ಊದಿದೆ, ಹೋಗಲಿಲ್ಲ. ಏಳು. ಮಾಸ್ತರು ಡಬ್ಬಿಯ ಚಮಚದ ಹಿಡಿಯನ್ನು ನನ್ನ ಕೈಗೆ ತುರುಕಿದರು, ಕೆರೆದೆ, ಒತ್ತಿದೆ.

ಟಕ್ ಎಂದಿತು.

ನಾನು ಬೇರೆ ಕಡೆ ಹೇಳುವಾಗ ಎಂಟೂ ಮುಕ್ಕಾಲು ಸೆಕೆಂಡು ಎನ್ನುತ್ತೇನೆ. ಸಾಹೇಬರ ಎಣಿಕೆಯಲ್ಲಿ ಎಂಟು. ಇಲ್ಲಿ ಸಾಹೇಬರ ಎಣಿಕೆಯನ್ನೇ ಇಟ್ಟುಕೊಳ್ಳಿ.

ಪರದೆಯ ದೀಪ ಹತ್ತಿತು. ತನುಜಕ್ಕ ಬಾಯಿ ತೆರೆದರು, ಏನೂ ಬರಲಿಲ್ಲ. ಮತ್ತೆ ತೆರೆದರು. “ಹಲೋ,” ಎಂದಿತು ಪಾವ್ಕಿಲೋ. ದನಿ ಅವರದೇ, ಆದರೆ ತೆಳ್ಳಗೆ, ಜ್ವರ ಬಿಟ್ಟ ಮರುದಿನ ಎದ್ದು ಕೂತವರ ಹಾಗೆ. ಐದಾರು ತಾಸು ಬೇಕಾದ ಹೆಪ್ಪನ್ನು ಮೂರೂವರೆ ತಾಸಿಗೆ ತೆಗೆದರೆ ಮೊಸರು ಹೇಗಿರುತ್ತದೋ ಹಾಗೆ.

ಗೇಟುಗಳನ್ನು ಪೂರ್ತಿ ಎತ್ತಿಸುವುದು ಬಾಕಿ ಇತ್ತು. ಮೂರು ಗಂಟೆ ಹೊಡೆಯುವಷ್ಟರಲ್ಲಿ ಇಪ್ಪತ್ತೊಂದು ಗೇಟಿನವರು, ಪಲ್ಯ ಕೇಳಿ, ನೆಗಡಿ ಆಗೇತೇನ್ರಿ ಎಂದು ವಿಚಾರಿಸಿ ಸ್ವಿಚ್ ಒತ್ತಿದ್ದರು. ಒಂಬತ್ತನೇ ಗೇಟಿನ ಯಮನಪ್ಪ ಒತ್ತಲಿಲ್ಲ. ಅದು ನಡುಹೊಳೆಯ ಗೇಟು, ಅದು ಏಳದಿದ್ದರೆ ನೀರು ಎಡದಂಡೆಯ ಓಣಿಗಳಿಗೆ ತಿರುಗುತ್ತದೆ. ಸಾಹೇಬರು ಫೋನ್ ಕಸಿದುಕೊಂಡು ಗದರಿದರು. ನೀವು ಯಾರೋ ನನಗೆ ಗೊತ್ತಿಲ್ಲ, ಕಾಯ್ದೆ ಗೊತ್ತು ಎಂದನಂತೆ ಅವನು. ಹೊಳೆ ಹೇಳಿದ ಹೊತ್ತಿಗಿಂತ ಮುಂಚೆಯೇ ಏರುತ್ತಿತ್ತು, ನಡೆದು ಹೋಗಿ ಹೇಳಲು ಗೂಡುಗಳ ಕಡೆಯ ಸೇತುವೆಯ ಮೇಲೆ ಆಗಲೇ ಮೊಣಕಾಲುದ್ದ ನೀರು.

ತನುಜಕ್ಕ ಫೋನ್ ತಿರುಗಿ ತೆಗೆದುಕೊಂಡು ಮೇಜಿನ ಮೇಲಿನ ಸ್ಪೀಕರಿಗೆ ಹಾಕಿದರು.

“ಹೀರಿಕಾಯಿ ಪಲ್ಯಾ, ಯಮನಪ್ಪ. ಗೇಟ್ ಎತ್ತು.”

“ಪಲ್ಯಾ ಬರೋಬ್ಬರಿ ಐತ್ರಿ,” ಎಂದಿತು ಆ ಕಡೆಯ ದನಿ. “ದನಿ ಬರೋಬ್ಬರಿ ಇಲ್ಲ. ಪಲ್ಯಾ ಯಾರರ ಕದ್ದು ಕೇಳಿರಬೋದು.”

“ನಾನ ಅದೇನಿ.”

“ನಮ್ಮ ಅಕ್ಕಾರ ಹಿಂಗ ಮೆತ್ತಗ ಮಾತಾಡೂ ಪೈಕಿ ಅಲ್ರಿ. ಅವ್ರು ಆಗಿದ್ರ ಇಷ್ಟೊತ್ತಿಗೆ ನನ್ನ ಎರಡ ಸಲ ಕತ್ತಿ ಮಾಡಿ, ಒಂದ್ ಸಲ ಕೋಣ ಮಾಡತಿದ್ರು. ನೀವು ನೋಡಿದ್ರ ನನ್ನ ಹೆಸರು ಹಿಡದು ಕರೀತೀರಿ. ನನಗ ಸಂಶೇನ ಅಲ್ಲಿಂದ ಬಂತು.”

ತನುಜಕ್ಕ ಸ್ಪೀಕರನ್ನು ನೋಡುತ್ತ ಕೂತರು. ಹೊರಗೆ ಹೊಳೆ ಗೋಡೆಗೆ ಬಡಿಯುವ ಸದ್ದು ಬೇರೆಯಾಗಿತ್ತು, ಹಿಂದಿಗಿಂತ ದಪ್ಪ. ಅವರ ತುಟಿಯ ಒಂದು ಮೂಲೆ ಅಲುಗಿತು. ನಾನು ಹೊಸ ಹರಳಿನ ಕಡೆ ನೋಡಿದೆ. ಕಡ್ಡಿ ಮುಕ್ಕಾಲನ್ನೂ ಮುಟ್ಟದ ಹರಳು ಅದು. ಬೇಡ, ಈಗ ಬೇಡ, ಬರದಿದ್ದರೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕೊರಳಪಟ್ಟಿ ನಡುಗಿತು. ಪಾವ್ಕಿಲೋ ಒಂದು ಕ್ಷಣ ತಡವರಿಸಿತು. ಆಮೇಲೆ ನಕ್ಕಿತು. ಪೂರ್ತಿ ಅಲ್ಲ, ಕೊನೆಯ ಏರಿ ಇಳಿಯುವ ತಿರುವು ಇರಲಿಲ್ಲ. ಆದರೆ ಮೊದಲ ಮೂಗಿನ ಸದ್ದಿತ್ತು, ತಡೆದು ಒಡೆಯುವ ಅದೇ ರೀತಿಯಿತ್ತು.

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು. ಆಮೇಲೆ ಯಮನಪ್ಪ, “ಎತ್ತಾಕತ್ತೇನ್ರಿ ಅಕ್ಕಾರ,” ಎಂದ. ಕಿಟಕಿಯಾಚೆ ನಡುಹೊಳೆಯ ಗೇಟು ಕಿರುಗುಡುತ್ತ ಎದ್ದಿತು.

“ಕತ್ತಿ,” ಎಂದರು ತನುಜಕ್ಕ ಫೋನಿಗೆ.

ಎಡದಂಡೆಯ ಓಣಿಗಳಿಗೆ ನೀರು ಬರಲಿಲ್ಲ. ಅವತ್ತು ಬ್ಯಾರೇಜು ಹಾದ ನೀರು ಮೂರು ಸಮುದ್ರ ತುಂಬುವಷ್ಟಿತ್ತು ಎಂದು ನಾನು ಹೇಳುವುದುಂಟು. ಅದು ಅಷ್ಟೇನೂ ಇರಲಿಲ್ಲ.

ಎರಡು ತಿಂಗಳಿಗೆ ದಸರಾ ಬಂತು. ಖಂಡೇಪೂಜೆಯ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಲ್ಯಾಪ್‌ಟಾಪುಗಳು ಸಾಲಾಗಿ ಕೂತಿದ್ದವು, ಎಲ್ಲವುಗಳ ಮುಚ್ಚಳ ಮುಚ್ಚಿ, ಮೇಲೆ ಒಂದೊಂದೇ ಸೇವಂತಿಗೆ ಇಟ್ಟಿದ್ದೆ. ಅಜ್ಜ ಕನಸಿನಲ್ಲಿ ಬರಲಿ, ಉತ್ತರ ಕೊಡುತ್ತೇನೆ ಎಂದುಕೊಂಡಿದ್ದೆ. ತನುಜಕ್ಕ ಬಂದರು, ಹಿಂದೆ ಮಾಸ್ತರು. ಪಾವ್ಕಿಲೋವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಕುಂಕುಮದ ತಟ್ಟೆ ಎಲ್ಲಿ ಎಂದು ಕೇಳಿದರು. ಈ ಸಲ ತರಿಸಿಲ್ಲ ಎಂದೆ. ಅವರು ಸೆರಗಿನ ಗಂಟು ಬಿಚ್ಚಿದರು, ಅದರಲ್ಲಿ ಒಂದು ಪೊಟ್ಟಣವಿತ್ತು.

ಮುಷ್ಟಿ ತುಂಬ ತೆಗೆದು ನನ್ನ ಹಣೆಗೆ ಮೆತ್ತಿದರು. ಹುಬ್ಬು, ಮೂಗು, ಮೀಸೆ ಎಲ್ಲ ಕೆಂಪಾದವು.

“ಇದಕ್ಕ ಹಚ್ಚು ನೀ,” ಎಂದರು. “ಈ ಯಂತ್ರದ್ದು ದನಿ ನಿಂತ್ರ ಊರಾಗ ಯಾರಿಗೂ ತ್ರಾಸಿಲ್ಲ.”

ನಾನು ಸೀನಿದೆ. ಚೀಲದೊಳಗಿನ ಪಾವ್ಕಿಲೋ ನಕ್ಕಿತು. ಎರಡು ತಿಂಗಳಲ್ಲಿ ಅದು ಆ ಕೊನೆಯ ತಿರುವನ್ನೂ ತಾನೇ ಹುಡುಕಿಕೊಂಡಿತ್ತು. ಮೊದಲಿನದಲ್ಲ, ಬೇರೆಯದೊಂದು, ಆದರೆ ಮಾಸ್ತರು ಅದನ್ನು ಕೇಳಿ ಕಿಟಕಿಯ ಕಡೆ ಮುಖ ತಿರುಗಿಸಲಿಲ್ಲ. ಅಂಗಡಿಯ ಎದುರಿನ ತಂತಿಯ ಮೇಲೆ ಕೂತಿದ್ದ ಒಂದು ಗುಬ್ಬಿ ಹಾರಿತು.

ಒಂದೇ. ನಾನು ಎಣಿಸಿದ್ದೇನೆ.